ಅವ್ವ ನೋಡಿದ ಬಣ್ಣ

ಸೀರೆಯ ಬಣ್ಣ ಆರಿಸುವುದರಲ್ಲಿ ನಮ್ಮ ಅವ್ವನಷ್ಟು ದಡ್ಡರು ಇನ್ನೊಬ್ಬರಿರಲಿಲ್ಲ. ಅಂಗಡಿಯವನು ಹಾಸಿದ ಹತ್ತು ಸೀರೆಗಳಲ್ಲಿ ತನಗೆ ಒಪ್ಪದ್ದನ್ನೇ ಹುಡುಕಿ ತರುತ್ತಿದ್ದಳು. ಆದರೆ ಕಾದ ಉಕ್ಕಿನ ಬಣ್ಣ ಹೇಳುವುದರಲ್ಲಿ ಇಡೀ ತಾಳಿಕೋಟೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇದನ್ನು ಈಗ ಹೇಳುತ್ತಿದ್ದೇನೆ. ಆಗ ನಮಗಾರಿಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ.

ತಾಳಿಕೋಟೆ ಎಂದರೆ ಹೊರಗಿನವರಿಗೆ 1565ರ ಯುದ್ಧ. ನಮಗೆ ಡೋಣಿ ನದಿ, ಎರೆಹೊಲ, ಬಿಳಿಜೋಳ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ಜೋಳ ಓಣಿಗೆ ಬರುವ ಮೊದಲು ರೈತರು ನಮ್ಮ ಕುಲುಮೆಗೆ ಬರಬೇಕಿತ್ತು. ಕುಡ ಹಣಿಯಬೇಕು, ಕುಂಟೆ ಸರಿಮಾಡಬೇಕು, ಕುಡಗೋಲಿಗೆ ಬಾಯಿ ಕೊಡಬೇಕು. ಅಪ್ಪ ಅಡಿಗಲ್ಲಿನ ಮುಂದೆ ಕುಳಿತರೆ ಅವ್ವ ತಿದಿಯ ಹಿಂದೆ. ಬಂದವರು ಕಾಣುತ್ತಿದ್ದುದು ಅಪ್ಪನ ಸುತ್ತಿಗೆಯನ್ನು.

ವರ್ಷಗಟ್ಟಲೆ ಬೆಂಕಿಯ ಝಳಕ್ಕೆ ಮುಖವೊಡ್ಡಿದವರ ಕಣ್ಣಿಗೆ ಪೊರೆ ಬರುವುದುಂಟು. ಅಪ್ಪನಿಗೂ ಬಂತು. ಆಮೇಲೆ ಅವರು ಇಕ್ಕಳ ಹಿಡಿದು ಮೆಲ್ಲಗೆ ಕೇಳುತ್ತಿದ್ದರು, "ಎಷ್ಟಾತು?" ಅವ್ವ ಅಷ್ಟೇ ಮೆಲ್ಲಗೆ, "ಇನ್ನೂ ದಾಳಿಂಬ್ರಿ ಕಾಳು ಅದ, ತಡೀರಿ... ಕಿತ್ತಳಿ ಆತು, ಈಗ ತಗೀರಿ" ಎನ್ನುತ್ತಿದ್ದಳು. ನೀರಿಗದ್ದಿ ಗಡುಸಾದ ಕುಡಗೋಲನ್ನು ಉಜ್ಜಿ ಮತ್ತೆ ಹದವಾಗಿ ಕಾಯಿಸುವಾಗ ಅದರ ಮೈಮೇಲೆ ಬೇರೆಯೇ ಬಣ್ಣಗಳು ಓಡುತ್ತವೆ. ಮೊದಲು ಒಣಗಿದ ದಂಟಿನ ಹಳದಿ, ಆಮೇಲೆ ಬದನೆಕಾಯಿ, ಕಡೆಗೆ ನವಿಲಿನ ನೀಲಿ. ಎಲ್ಲಿ ನಿಲ್ಲಿಸಬೇಕೆಂಬುದು ಅವ್ವನ ಬಾಯಿಂದಲೇ ಬರಬೇಕು. ಊರವರು ಮಾತ್ರ "ಕಂಬಾರನ ಕೈಗುಣ" ಎಂದು ಅಪ್ಪನನ್ನು ಹೊಗಳುತ್ತಿದ್ದರು.

ಅಪ್ಪ ಹೋದ ಮೇಲೆ ತಮ್ಮ ಕುಲುಮೆಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಹಾಕಿದ. ಒಂದು ಸುಗ್ಗಿಯಲ್ಲಿ ಒಬ್ಬ ರೈತ ಟ್ರ್ಯಾಕ್ಟರ್ ಟ್ರಾಲಿಯ ಕೊಕ್ಕೆ ಮುರಿದುಕೊಂಡು ಬಂದ. ತಮ್ಮ ಹಳೆಯ ಲಾರಿಯ ಅಚ್ಚಿನ ಸರಳನ್ನು ಕೆಂಪಗೆ ಕಾಯಿಸಿ ಚೆನ್ನಾಗಿಯೇ ಬಗ್ಗಿಸಿದ. ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದು, "ತಮ್ಮಾ, ನೀರು ಹಾಕಬ್ಯಾಡ. ಬೂದ್ಯಾಗ ಹುಗಿ, ನಾಳಿ ಬೆಸಿ" ಎಂದಳು. ರೈತನಿಗೆ ಅವಸರ. "ಇದು ಕರೆಂಟಿನ ಕೆಲಸ ಅವ್ವಾ, ನಿನಗ ತಿಳಿಯಂಗಿಲ್ಲ" ಎಂದವನೇ ಬಕೆಟ್ಟಿನ ನೀರು ಸುರಿದ, ತಣ್ಣಗಾದ ಸರಳಿಗೆ ಬೆಸುಗೆ ಹಾಕಿ ಕಳಿಸಿದ. ಅವ್ವ ರೊಟ್ಟಿ ಬಡಿಯಲು ಒಳಗೆ ಹೋದಳು.

ಮರುದಿನ ಸಂಜೆ ಏರಿನಲ್ಲಿ ಕೊಕ್ಕೆ ಬೆಸುಗೆಯ ಮಗ್ಗುಲಲ್ಲೇ ಕಟ್ಟೆಂದು ಮುರಿಯಿತು. ಟ್ರಾಲಿ ಹಿಂದಕ್ಕೆ ಉರುಳಿ ಬೇವಿನ ಮರಕ್ಕೆ ತಗಲಿ ನಿಂತಿತು. ಚೀಲಗಳ ಮೇಲೆ ಕೂಲಿ ಹೆಣ್ಣುಮಕ್ಕಳಿದ್ದರು. ಒಬ್ಬ ಹುಡುಗಿಯ ಕೈ ಮುರಿಯಿತು. ಆ ಮರವಿರದಿದ್ದರೆ ಎಂದು ನೆನೆದರೆ ಇಂದಿಗೂ ನನ್ನ ಎದೆ ನಡುಗುತ್ತದೆ. ಅವ್ವ ಆ ಹುಡುಗಿಯನ್ನು ನೋಡಿಕೊಂಡು ಬಂದಳು, ಮಗನಿಗೆ ಒಂದು ಮಾತೂ ಆಡಲಿಲ್ಲ. ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಡಿಪ್ಲೊಮಾ ಓದುತ್ತಿದ್ದ ನನ್ನ ಮಗ ಆಮೇಲೆ ಕಾರಣ ಬಿಡಿಸಿ ಹೇಳಿದ. ಅಂಥ ಅಚ್ಚು ಸಾದಾ ಕಬ್ಬಿಣವಲ್ಲ. ಕ್ರೋಮಿಯಂ, ನಿಕ್ಕಲ್ ಮುಂತಾದವನ್ನು ಕೂಡಿಸಿದ ಮಿಶ್ರ ಉಕ್ಕು. ಕೆಂಪಗೆ ಕಾದದ್ದನ್ನು ಒಮ್ಮೆಲೇ ಆರಿಸಿದರೆ ಗಾಜಿನಂತೆ ಗಡುಸಾಗಿ ಗಾಜಿನಂತೆಯೇ ಒಡೆಯುತ್ತದೆ. ತಣ್ಣನೆಯ ಸರಳಿಗೆ ಬೆಸೆದರೂ ಅದೇ ಗತಿ: ಸುತ್ತಲಿನ ಉಕ್ಕು ಶಾಖವನ್ನು ಹೀರಿ ನೀರು ಮಾಡುವ ಕೆಲಸವನ್ನೇ ಮಾಡುತ್ತದೆ. ಬೆಸುಗೆಯ ಕಡ್ಡಿ ತೇವ ಹಿಡಿದಿದ್ದರೆ ಅದರ ಹೈಡ್ರೋಜನ್ ಒಳಸೇರಿ, ಬಿರುಕು ಆ ಕ್ಷಣ ಬಿಡದೆ ಮರುದಿನ ಬಾಯಿಬಿಡಬಹುದು. ಆದ್ದರಿಂದ ಬೆಸೆಯುವ ಮೊದಲು ಸರಳನ್ನು 250ರಿಂದ 300 ಡಿಗ್ರಿವರೆಗೆ ಕಾಯಿಸಬೇಕು, ಬೆಸೆದ ಮೇಲೆ ನಿಧಾನವಾಗಿ ಆರಿಸಬೇಕು. ನಮ್ಮ 'ಉಕ್ಕು' ಎಂಬ ಮಾತೇ ಪಶ್ಚಿಮದವರ ಬಾಯಲ್ಲಿ 'ವೂಟ್ಜ್' ಆಯಿತೆಂದು ಹಲವು ವಿದ್ವಾಂಸರು ಹೇಳುತ್ತಾರಂತೆ. 1820ರ ಸುಮಾರಿಗೆ ಅದರ ಗುಟ್ಟು ಹುಡುಕುತ್ತ ಮಿಶ್ರ ಉಕ್ಕಿನ ಪ್ರಯೋಗ ಮಾಡಿದ ಮೈಕೆಲ್ ಫ್ಯಾರಡೆಯೂ ಕಮ್ಮಾರನ ಮಗನೇ. ಅವನ ತಾಯಿಯೂ ತಿದಿ ಒತ್ತಿದ್ದಳೇ ಎಂದು ಕೇಳಿದೆ. ಮಗ ನಕ್ಕ.

ಮೂರನೆಯ ದಿನ ತಮ್ಮ ಹೊಸ ಸರಳನ್ನು ಕೆಂಡದಲ್ಲಿಟ್ಟು, "ಅವ್ವಾ, ಬಣ್ಣ ನೋಡು ಬಾ" ಎಂದ. ಅವ್ವ ಕೈಯ ಹಿಟ್ಟು ಒರೆಸಿಕೊಂಡು ಬಂದು ಕುಳಿತಳು. ಕಿತ್ತಳೆಗೆ ಬಂದಾಗ ಬಗ್ಗಿಸಿದರು. ಕೆಂಪು ಇಳಿದರೆ ಮತ್ತೆ ಬೆಂಕಿಗಿಟ್ಟರು. ರಾತ್ರಿಯೆಲ್ಲ ಬೂದಿಯಲ್ಲಿ ಹುಗಿದರು. ಬೆಳಿಗ್ಗೆ ಬೆಸೆಯುವ ಮೊದಲು ಸರಳನ್ನು ಕಾಯಿಸಿ, ಅದಕ್ಕೆ ಕಸಬರಿಗೆ ಕಡ್ಡಿ ಮುಟ್ಟಿಸಿ ನೋಡಿದಳು. ಹಂಚು ಕಾದಿದೆಯೋ ಇಲ್ಲವೋ ಎಂದು ನಾವು ನೀರು ಚಿಮುಕಿಸಿ ನೋಡುವುದಿಲ್ಲವೇ, ಹಾಗೆ. ಕಡ್ಡಿ ಹೊಗೆಯಾಡಿ ಕಂದಿದಾಗ "ಈಗ ಹಚ್ಚು" ಎಂದಳು. ಬೆಸೆದದ್ದು ಮತ್ತೆ ಬೂದಿಗೆ. ಕಡೆಗೊಮ್ಮೆ ಬಾಗಿಲು ಮುಚ್ಚಿ, ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದಗೆಂಪಿಗೆ ಕಾಯಿಸಿ ಆರಲು ಬಿಟ್ಟರು. ಆ ಕೊಕ್ಕೆ ಮತ್ತೆ ಅಂಗಡಿಗೆ ಬರಲಿಲ್ಲ.

ನನ್ನದೂ ಒಂದು ತಪ್ಪಿದೆ. ಶಾಲೆಯ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಪ್ರತಿ ವರ್ಷ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದವಳು ನಾನೇ. ಅದೇ ತಿದಿಯ ಸದ್ದಿನಲ್ಲಿ ಕುಳಿತು ಬರೆದಿದ್ದೆ.

2011ರ ಜನಗಣತಿಗೆ ಬಂದ ಮಾಸ್ತರರು, "ಅಮ್ಮಾರ, ನೀವು ಏನು ಉದ್ಯೋಗ ಮಾಡ್ತೀರಿ?" ಎಂದರು. "ಏನೂ ಇಲ್ರಿ, ಮನ್ಯಾಗ ಇರ್ತೀನಿ" ಎಂದಳು ಅವ್ವ. ಒಳಗಿನಿಂದ ತಮ್ಮನ ದನಿ ಬಂತು: "ಕಂಬಾರಕಿ ಅಂತ ಬರ್ಕೋರಿ ಸರ್."

ಅವ್ವ ಸೆರಗು ಸರಿಮಾಡಿಕೊಂಡು, ಮಾಸ್ತರರಿಗೆ ಚಹಾ ಇಡಲು ಎದ್ದಳು.