ಬೆಂಕಿ ಕಲಿತ ನಾಲ್ಕು ಹೆಜ್ಜೆ

ಭದ್ರಾವತಿಯಲ್ಲಿ ವಿಜ್ಞಾನ ಪಾಠ ಹೇಳಿದ ನನ್ನಂಥವರಿಗೆ ಬೇರೆ ಊರಿನ ಮೇಷ್ಟ್ರುಗಳಿಗಿಲ್ಲದ ಒಂದು ಅನುಕೂಲವಿತ್ತು. ಕಬ್ಬಿಣವೆಂದರೇನೆಂದು ಇಲ್ಲಿಯ ಮಕ್ಕಳಿಗೆ ವಿವರಿಸಬೇಕಾಗಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ 1923ರಲ್ಲಿ ಇಲ್ಲಿಯ ಊದುಕುಲುಮೆ ಕಬ್ಬಿಣ ಕೊಡತೊಡಗಿದ ಮೇಲೆ ಊರೇ ಅದರ ಸುತ್ತ ಬೆಳೆಯಿತು. ನನ್ನ ತರಗತಿಯ ಅನೇಕ ಮಕ್ಕಳ ತಂದೆಯರು ಕಾರ್ಖಾನೆಯ ಪಾಳಿಗೆ ಹೋಗಿಬರುವವರು. ಹಾಗಾಗಿ ಅಂತರ್ದಹನ ಎಂಜಿನ್ನಿನ ಪಾಠ ಬಂದಾಗ ಕಪ್ಪುಹಲಗೆಯ ಚಿತ್ರವೊಂದನ್ನೇ ನೆಚ್ಚಿಕೊಳ್ಳದೆ ಮಕ್ಕಳನ್ನು ಹತ್ತಿರದ ಗ್ಯಾರೇಜಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಒಂದಲ್ಲ ಒಂದು ಅಂಬಾಸಿಡರ್ ಕಾರು ಬಾನೆಟ್ ತೆರೆದುಕೊಂಡು ನಿಂತಿರುತ್ತಿತ್ತು.

ಆ ಕಾರಿನ ಪೆಟ್ರೋಲ್ ಎಂಜಿನ್ನಿನ ಮೈ ಎಂದರೆ ಎರಕದ ಕಬ್ಬಿಣದ ಒಂದು ದೊಡ್ಡ ಗಟ್ಟಿ. ಮೆಕ್ಯಾನಿಕ್ಕುಗಳು ಅದನ್ನು ಬ್ಲಾಕ್ ಎನ್ನುತ್ತಾರೆ. ಅದರೊಳಗೆ ಸಾಲಾಗಿರುವ ನಾಲ್ಕು ಕೊಳವೆಗಳೇ ಸಿಲಿಂಡರುಗಳು. ಪ್ರತಿಯೊಂದರಲ್ಲೂ ಒಂದು ಪಿಸ್ಟನ್ ಒನಕೆಯಂತೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಆದರೆ ಗಾಲಿಗೆ ಬೇಕಾದದ್ದು ಸುತ್ತುವ ಚಲನೆ. ಮನೆಯ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ: ಕಾಲು ಪೆಡಲನ್ನು ಮೇಲೆ ಕೆಳಗೆ ತುಳಿಯುತ್ತದೆ, ಚಕ್ರ ತಿರುಗುತ್ತದೆ. ನಡುವಿನ ಕಡ್ಡಿಯ ಕೆಲಸವನ್ನು ಇಲ್ಲಿ ಕನೆಕ್ಟಿಂಗ್ ರಾಡ್ ಮಾಡುತ್ತದೆ. ಕೆಳಗೆ ಮಣಿಮಣಿಯಾಗಿ ಬಾಗಿದ ಕ್ರ್ಯಾಂಕ್‌ಶಾಫ್ಟ್ ಸುತ್ತುತ್ತದೆ.

ಪಿಸ್ಟನ್ನಿನ ಕೆಲಸ ನಾಲ್ಕು ಹೆಜ್ಜೆಗಳದು. ಮೊದಲನೆಯದರಲ್ಲಿ ಅದು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರಿ, ಆ ಮಿಶ್ರಣವನ್ನು ಏಳೆಂಟು ಪಟ್ಟು ಕಿರಿದಾಗುವಂತೆ ಅದುಮುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗುಲಿ ಬೆಂಕಿ ಹೊತ್ತಿ, ಉಬ್ಬಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕನೆಯದರಲ್ಲಿ ಪಿಸ್ಟನ್ ಮತ್ತೆ ಮೇಲೇರಿ ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಒಳಬರುವ ಮತ್ತು ಹೊರಹೋಗುವ ಬಾಗಿಲುಗಳೇ ವಾಲ್ವುಗಳು. ಅವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ಸಲಾಕೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದರೆ ಅದು ಒಂದೇ ಸುತ್ತು ಸುತ್ತುತ್ತದೆ. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ಯಂತ್ರರೂಪಕ್ಕೆ ತಂದ ಕ್ರಮವಿದು. ನಾಲ್ಕರಲ್ಲಿ ಒಂದೇ ಹೆಜ್ಜೆ ದುಡಿಯುವಂಥದು. ಉಳಿದ ಮೂರನ್ನು ನಡೆಸಲು ಪಕ್ಕದ ಸಿಲಿಂಡರುಗಳ ಸರದಿಯೂ ಭಾರವಾದ ಫ್ಲೈವೀಲಿನ ವೇಗವೂ ನೆರವಾಗುತ್ತವೆ.

ಒಮ್ಮೆ ಎರಕದ ವಿಭಾಗದ ಕಾರ್ಮಿಕರೊಬ್ಬರ ಮಗ ಬಿಚ್ಚಿಟ್ಟಿದ್ದ ಪಿಸ್ಟನ್ನನ್ನು ಕೈಯಲ್ಲಿ ತೂಗಿ ನೋಡಿ ಕೇಳಿದ: "ಸಾರ್, ಇದು ಅಲ್ಯೂಮಿನಿಯಂ. 660 ಡಿಗ್ರಿಗೆ ಕರಗುತ್ತದೆ ಎಂದು ನಮ್ಮಪ್ಪ ಹೇಳಿದ್ದಾರೆ. ಒಳಗಿನ ಬೆಂಕಿ ಅದಕ್ಕಿಂತ ಬಿಸಿ ಅಲ್ಲವೇ? ಮತ್ತೇಕೆ ಕರಗುವುದಿಲ್ಲ?"

ಆ ಪ್ರಶ್ನೆ ಪಠ್ಯಪುಸ್ತಕದಲ್ಲಿರಲಿಲ್ಲ. ಜ್ವಾಲೆಯ ತಾಪ 2000 ಡಿಗ್ರಿಯನ್ನು ದಾಟುವುದು ನಿಜ. ಆದರೆ ಅದರ ಆಯುಷ್ಯ ರೆಪ್ಪೆ ಬಡಿಯುವಷ್ಟೂ ಅಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಬಾರಿ ಬೆಂಕಿ ಹೊತ್ತಿ ಆರುತ್ತದೆ. ನಡುನಡುವೆ ತಂಪು ಮಿಶ್ರಣ ಒಳಬರುತ್ತದೆ. ಪಿಸ್ಟನ್ನಿಗೆ ತಗುಲಿದ ಕಾವು ರಿಂಗುಗಳ ಮೂಲಕ ಸಿಲಿಂಡರಿನ ಗೋಡೆಗೂ, ಅಲ್ಲಿಂದ ಸುತ್ತ ಹರಿಯುವ ನೀರಿಗೂ, ಕೊನೆಗೆ ರೇಡಿಯೇಟರಿನಿಂದ ಗಾಳಿಗೂ ಸೇರುತ್ತದೆ. ಕೆಳಗಿನಿಂದ ಎರಚುವ ಎಣ್ಣೆ ಸವಕಳಿಯನ್ನು ತಡೆಯುವುದರ ಜೊತೆಗೆ ಕಾವನ್ನೂ ಒಯ್ಯುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಚಲನೆಯಾಗುವುದು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದ ಕಾವನ್ನು ಹೊರಗೆ ಸಾಗಿಸುವವರಿಲ್ಲದಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಒಂದೊಂದು ಭಾಗಕ್ಕೆ ಒಂದೊಂದು ಲೋಹವೇಕೆಂಬುದೂ ಅಂದು ಚರ್ಚೆಯಾಯಿತು. ಎರಕದ ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ನಡುಕವನ್ನು ಹೀರುತ್ತವೆ; ಅದಕ್ಕಾಗಿ ಬ್ಲಾಕಿಗೆ ಅದು. ಕ್ಷಣಕ್ಷಣಕ್ಕೂ ತಿರುಚು ಪೆಟ್ಟು ತಿನ್ನುವ ಕ್ರ್ಯಾಂಕ್‌ಶಾಫ್ಟಿಗೆ ಗಟ್ಟಿ ಉಕ್ಕು. ಕೆಂಪಗೆ ಕಾಯುವ ವಾಲ್ವಿಗೆ ಮಿಶ್ರಲೋಹದ ಉಕ್ಕು. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆಯಾಗಬೇಕೆಂದು ಶ್ರಮಿಸಿದರು. ಮೈಸೂರು ಸಂಸ್ಥಾನದಲ್ಲಿ ಅದು ಕೈಗೂಡಲಿಲ್ಲ; 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಆದರೂ ಅವರ ಹೆಸರು ಹೊತ್ತ ನಮ್ಮೂರ ಕಾರ್ಖಾನೆಯ ವಿಶೇಷ ಉಕ್ಕು ಮುಂದೆ ಮೋಟಾರು ಉದ್ಯಮಕ್ಕೆ ಒದಗಿತು.

2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಉಕ್ಕನ್ನು ಪಟ್ಟಿ ಎಳೆಯುವ ಕೆಲಸವಷ್ಟೇ ಮರಳಿ ಆರಂಭವಾಯಿತು. ಕುಲುಮೆ ತಣ್ಣಗಾದ ಊರಿನಲ್ಲಿ ಕೆಲಸ ಹೋಗುವ ನೋವು ಎಲ್ಲರಿಗೂ ಕಾಣುತ್ತದೆ. ಊಟದ ಹೊತ್ತಿನಲ್ಲಿ ತಂದೆ ಮಗನಿಗೆ ಹೇಳುತ್ತಿದ್ದ ಲೋಹದ ಮಾತು ನಿಂತುಹೋಗುವುದು ಅಷ್ಟಾಗಿ ಕಾಣುವುದಿಲ್ಲ. ಅಂದಿನ ಪ್ರಶ್ನೆ ಹುಟ್ಟಿದ್ದು ಆ ಮಾತಿನಿಂದ.

ವಿದ್ಯುತ್ ಕಾರಿನಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಈ ಪಾಠ ಇನ್ನೇಕೆ ಎನ್ನುವವರಿದ್ದಾರೆ. ಆದರೆ ಅದರ ಬ್ಯಾಟರಿಯೂ ಮೋಟಾರೂ ಕಾಯುತ್ತವೆ; ಆ ಕಾವನ್ನೂ ಯಾರಾದರೂ ಹೊರಗೊಯ್ಯಬೇಕು. ಓದುಗರೇ, ಮುಂದಿನ ಸಲ ನಿಮ್ಮ ವಾಹನ ರಿಪೇರಿಗೆ ಹೋದಾಗ ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ಹಳೆಯ ಪಿಸ್ಟನ್ ಒಂದಿದ್ದರೆ ಅದರ ಕೈಗೆ ಕೊಡಿಸಿ. ತೂಗಿ ನೋಡಲಿ.