ಕುಲ್ಫಿ ಗಾಡಿಯ ಬರ್ಫ

ನನ್ನ ತಮ್ಮನ ಬಲ ಮೊಣಕಾಲ ಚಿಪ್ಪಿನ ಪಕ್ಕ ಎಂಟಾಣೆಯಷ್ಟು ಅಗಲದ ಒಂದು ಬಿಳಿ ಕಲೆ ಇದೆ. ನೋಡಿದವರು ಸುಟ್ಟ ಗಾಯ ಅನ್ನುತ್ತಾರೆ. ಅದು ಬೆಂಕಿಯಿಂದ ಆದದ್ದಲ್ಲ, ಬರ್ಫದಿಂದ ಆದದ್ದು. ಹಚ್ಚಿದವನು ನಾನು.

ನಮ್ಮೂರು ಅಥಣಿ ತಾಲೂಕಿನ ಅನಂತಪುರ. ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಿಲ್ಲ. ಸಂತೆಯಲ್ಲಿ ಅರ್ಧ ಮಾತು ಮರಾಠಿಯಲ್ಲಿ ನಡೆಯುತ್ತದೆ, ಹೆಚ್ಚಿನ ರೋಗವಾದರೆ ಜನ ಬೆಳಗಾವಿಗಿಂತ ಮೊದಲು ಮಿರಜಿನ ಹಾದಿ ಹಿಡಿಯುತ್ತಾರೆ. ಬೇಸಿಗೆ ಬಂತೆಂದರೆ ಸುತ್ತಲ ಊರುಗಳಲ್ಲಿ ಕಬಡ್ಡಿ. ಜಾತ್ರೆಗೊಂದು, ಜಯಂತಿಗೊಂದು, ಏನೂ ಇಲ್ಲದಿದ್ದರೆ ಹುಡುಗರ ಹುರುಪಿಗೊಂದು. ಹಗಲು ಬಿಸಿಲಿಗೆ ನೆಲ ಕಾದಿರುತ್ತದೆಂದು ಪಂದ್ಯಗಳು ರಾತ್ರಿಯೇ ನಡೆಯುತ್ತಿದ್ದವು. ಮಣ್ಣು ಹದ ಮಾಡಿ, ನೀರು ಹೊಡೆದು, ಸುಣ್ಣದ ಗೆರೆ ಹಾಕಿ, ನಾಲ್ಕು ಮೂಲೆಗೆ ಹ್ಯಾಲೊಜನ್ ದೀಪ ಕಟ್ಟಿದರೆ ಮೈದಾನ ತಯಾರು.

2009ರ ಮೇ ತಿಂಗಳು. ತಮ್ಮನಿಗೆ ಹತ್ತೊಂಬತ್ತು ವರ್ಷ. ಅವನಂಥ ರೈಡರ್ ನಮ್ಮ ಕಡೆ ಮತ್ತೊಬ್ಬನಿರಲಿಲ್ಲ ಅಂದರೆ ಅಣ್ಣನ ಮಾತು ಅಂದುಕೊಳ್ಳಬೇಡಿ, ಎದುರಾಳಿ ಊರಿನವರೇ ಹಾಗೆ ಹೇಳುತ್ತಿದ್ದರು. ನಾನು ಆಗಷ್ಟೇ ಬಿ.ಪಿ.ಎಡ್. ಮುಗಿಸಿ ಬಂದಿದ್ದೆ. ಹೀಗಾಗಿ ತಂಡಕ್ಕೆ ನಾನೇ ಕೋಚು, ನಾನೇ ಡಾಕ್ಟರು. ಸೆಮಿಫೈನಲ್ಲಿನಲ್ಲಿ ಒಬ್ಬ ತಮ್ಮನ ಪಾದ ಹಿಡಿದ, ಇನ್ನೊಬ್ಬ ಬಂದು ಮೊಣಕಾಲಿನ ಮೇಲೆ ಬಿದ್ದ. ಪಂದ್ಯ ಗೆದ್ದೆವು, ಆದರೆ ಅವನು ಕುಂಟುತ್ತ ಹೊರಗೆ ಬಂದ. ಫೈನಲ್ಲಿಗೆ ಇನ್ನೂ ಮುಕ್ಕಾಲು ತಾಸಿತ್ತು.

ನನ್ನ ನೋಟುಬುಕ್ಕಿನಲ್ಲಿ ಇಂಥ ಹೊತ್ತಿಗೆಂದೇ ಬರೆದುಕೊಂಡ ನಾಲ್ಕಕ್ಷರದ ಒಂದು ಸೂತ್ರವಿತ್ತು: ರೈಸ್. ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಶನ್. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರ ತನ್ನ ಪುಸ್ತಕದಲ್ಲಿ ಕೊಟ್ಟ ಸೂತ್ರವಿದು. ನಾನು ಎರಡನೆಯ ಅಕ್ಷರವನ್ನು ಮಾತ್ರ ಪಾಲಿಸಿದೆ. ಮೊದಲನೆಯದು ವಿಶ್ರಾಂತಿ ಎಂಬುದು ಫೈನಲ್ಲಿನ ಗದ್ದಲದಲ್ಲಿ ಮರೆತುಹೋಯಿತೋ, ಬೇಕೆಂದೇ ಮರೆತೆನೋ.

ಮೈದಾನದ ಅಂಚಿಗೆ ಕುಲ್ಫಿ ಗಾಡಿ ನಿಂತಿತ್ತು. ಕುಲ್ಫಿ ಕರಗದಿರಲಿ ಎಂದು ಅವರು ಬರ್ಫಕ್ಕೆ ಉಪ್ಪು ಬೆರೆಸಿರುತ್ತಾರೆ. ಬರೀ ಬರ್ಫ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಉಪ್ಪು ಬೆರೆತರೆ ಅದು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ, ಹದ ಸರಿಯಿದ್ದರೆ ಮೈನಸ್ 20ರ ಆಸುಪಾಸಿಗೂ. ಇದು ಎಂಟನೆಯ ತರಗತಿಯ ವಿಜ್ಞಾನ. ನನಗದು ಆಗ ನೆನಪಾಗಲಿಲ್ಲ. ಡಬ್ಬಿಯಿಂದ ಎರಡು ಹಿಡಿ ತೆಗೆದು, ಟಾವೆಲಿನಲ್ಲಿ ಸುತ್ತಿ, ಮೊಣಕಾಲಿಗೆ ಬಿಗಿಯಾಗಿ ಕಟ್ಟಿದೆ. ಅರ್ಧ ತಾಸು ಬಿಡಲಿಲ್ಲ.

ಬಿಚ್ಚಿದಾಗ ಚರ್ಮ ಮೊದಲು ಕೆಂಪಗೆ, ನಡುವೆ ಒಂದು ಕಡೆ ಮೇಣದ ಹಾಗೆ ಬೆಳ್ಳಗಿತ್ತು. ತಮ್ಮ ಎದ್ದು ನಿಂತ.

‘ನೋವ ಎಲ್ಲಿ ಹೋತೋ ಗೊತ್ತಾಗವಲ್ತು ಅಣ್ಣಾ’ ಅಂದ. ಮತ್ತೆ ನಕ್ಕು, ‘ಕಾಲ ನಂದ ಅನ್ನಸವಲ್ತು’ ಅಂದ.

ಸುತ್ತಲಿದ್ದ ಹುಡುಗರೂ ನಕ್ಕರು. ನಾನೂ ನಕ್ಕೆ. ಎರಡು ಸಲ ಜಿಗಿದು ತೋರಿಸಿದ. ಎರಡನೆಯ ಸಲ ಬಲ ಪಾದ ಒಂದಿಷ್ಟು ಅಡ್ಡಾದಿಡ್ಡಿಯಾಗಿ ನೆಲಕ್ಕೆ ಬಿತ್ತು. ಅದನ್ನು ನಾನು ಕಂಡೆ. ಕಂಡಿದ್ದೆ ಅನ್ನುವುದೇ ಇಷ್ಟು ವರ್ಷ ನನ್ನನ್ನು ಕಾಡಿದ್ದು.

ಫೈನಲ್ಲಿನ ಮೊದಲ ಅರ್ಧದಲ್ಲಿ ಮೂರನೆಯ ರೈಡು. ಒಬ್ಬನನ್ನು ಮುಟ್ಟಿ ಮಧ್ಯಗೆರೆಯತ್ತ ಸರಕ್ಕನೆ ತಿರುಗಿದ. ಬಲಗಾಲು ಊರಿತು, ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಯಾರೂ ಅವನನ್ನು ಹಿಡಿದಿರಲಿಲ್ಲ. ಬಯಲಿನಲ್ಲಿ ಒಬ್ಬನೇ ಕುಸಿದು ಬಿದ್ದ.

ಮುಂದಿನದು ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ. ನಾಟಿ ವೈದ್ಯರ ಪಟ್ಟಿ, ಬಾವು, ಮಿರಜ್, ಎಂ.ಆರ್.ಐ. ಮೊಣಕಾಲಿನ ಒಳಗೆ ಅಡ್ಡಡ್ಡ ಇರುವ ಲಿಗಮೆಂಟ್ ಹರಿದಿದೆ ಅಂದರು. ಅಪ್ಪ ಎತ್ತಿನ ಜೋಡಿ ಮಾರಿದ. ಆಪರೇಶನ್ ಆಯಿತು.

ಆ ದಿನಗಳಲ್ಲಿ ನಾನು ಓದಲು ಕೂತೆ. ಪರೀಕ್ಷೆಗೆ ಓದಿದ್ದನ್ನೇ ಮತ್ತೆ ಓದಿದೆ, ಈ ಸಲ ಆರೋಪಿಯ ಹಾಗೆ. ಕಣ್ಣು ಮುಚ್ಚಿದರೂ ನಮ್ಮ ಕೈಕಾಲು ಎಲ್ಲಿವೆ, ಎಷ್ಟು ಮಡಚಿವೆ ಅನ್ನುವುದು ನಮಗೆ ತಿಳಿಯುತ್ತದೆ. ಕತ್ತಲಲ್ಲೂ ಕೈ ತುತ್ತನ್ನು ಬಾಯಿಗೇ ಒಯ್ಯುತ್ತದೆ, ಮೂಗಿಗಲ್ಲ. ಈ ಅರಿವಿಗೆ ಪ್ರೊಪ್ರಿಯೊಸೆಪ್ಷನ್ ಅನ್ನುವ ಹೆಸರು ಬಂದದ್ದು 1906ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರಿಂದ. ಸ್ನಾಯುವಿನೊಳಗೆ ಕದಿರಿನ ಆಕಾರದ ಸಣ್ಣ ಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಎಳೆದಿದೆ, ಎಷ್ಟು ಬೇಗ ಎಳೆಯುತ್ತಿದೆ ಎಂದು ಅವು ಬೆನ್ನುಹುರಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಕಂಡರಗಳಲ್ಲಿ, ಕೀಲಿನ ಚೀಲದಲ್ಲಿ, ಚರ್ಮದಲ್ಲಿ, ಲಿಗಮೆಂಟಿನಲ್ಲಿಯೂ ಇಂಥ ಸುದ್ದಿಗಾರರಿದ್ದಾರೆ. ಎಲ್ಲರ ಸುದ್ದಿ ಸೇರಿ ಕಾಲು ನಮ್ಮದಾಗುತ್ತದೆ.

ಚಳಿ ಈ ಸುದ್ದಿಯನ್ನು ನಿಧಾನ ಮಾಡುತ್ತದೆ. ನರ ಒಂದೊಂದು ಡಿಗ್ರಿ ತಂಪಾದಂತೆ ಅದರಲ್ಲಿ ಓಡುವ ಸಂದೇಶದ ವೇಗ ಸೆಕೆಂಡಿಗೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ಇಳಿಯುತ್ತದೆ. ನೋವು ಕಡಿಮೆಯಾಗುವುದೂ ಹೀಗೆಯೇ. ನೋವಿನ ಬಾಯಿ ಮುಚ್ಚಿಸಲು ಹೋದ ಬರ್ಫ ಪಕ್ಕದ ಮನೆಯವರ ಬಾಯನ್ನೂ ಅಷ್ಟಿಷ್ಟು ಮುಚ್ಚಿಸುತ್ತದೆ. ‘ಕಾಲ ನಂದ ಅನ್ನಸವಲ್ತು’ ಎಂದು ತಮ್ಮ ನಗುತ್ತ ಹೇಳಿದ್ದು ಶೆರಿಂಗ್ಟನ್ನನ ಇಡೀ ಅಧ್ಯಾಯವನ್ನೇ.

ಅಲ್ಲಿಗೆ ನನ್ನ ಅಪರಾಧ ಸಾಬೀತಾಯಿತು ಅಂದುಕೊಂಡೆ. ಆದರೆ ಓದುತ್ತ ಹೋದಂತೆ ಅದೂ ಅಷ್ಟು ಸಲೀಸಾಗಿ ಸಿಗಲಿಲ್ಲ. ಆರೋಗ್ಯವಂತರ ಕೀಲಿಗೆ ಬರ್ಫ ಹಚ್ಚಿ, ಕಣ್ಣು ಕಟ್ಟಿ, ಮೊದಲು ತೋರಿಸಿದ ಕೋನಕ್ಕೇ ಕಾಲನ್ನು ಮತ್ತೆ ತರಲು ಹೇಳುವ ಪ್ರಯೋಗಗಳು ನಡೆದಿವೆ. ಕೆಲವದರಲ್ಲಿ ತಪ್ಪು ಹೆಚ್ಚಿತು, ಕೆಲವದರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದ 2010ರ ಒಂದು ಸಮೀಕ್ಷೆ, ಸಾಕ್ಷ್ಯ ಕಡಿಮೆ, ಇರುವುದೂ ಒಂದಕ್ಕೊಂದು ಹೊಂದುವುದಿಲ್ಲ, ಆದರೂ ಬರ್ಫ ತೆಗೆದ ತಕ್ಷಣ ಆಟಕ್ಕೆ ಬಿಡುವಾಗ ಎಚ್ಚರವಿರಲಿ ಎಂದಿತು. ಹೀಗೆ ಹೊಂದದಿರಲು ಒಂದು ಕಾರಣ ನನಗೆ ಹೊಳೆಯುತ್ತದೆ. ಮೊಣಕಾಲಿನ ಮುಖ್ಯ ಸುದ್ದಿಗಾರರು ತೊಡೆಯ ಸ್ನಾಯುವಿನಲ್ಲಿದ್ದಾರೆ. ಚಿಪ್ಪಿನ ಮೇಲೆ ಬರ್ಫ ಇಟ್ಟರೆ ತೊಡೆ ಬೆಚ್ಚಗೇ ಇರುತ್ತದೆ. ಆದರೆ ಶಕ್ತಿ, ಜಿಗಿತ, ಓಟ, ಸರಕ್ಕನೆ ದಿಕ್ಕು ಬದಲಿಸುವ ಚುರುಕು, ಇವು ಬಹಳ ಹೊತ್ತು ಬರ್ಫ ಇಟ್ಟ ಕೂಡಲೇ ತಗ್ಗುತ್ತವೆ ಎಂದು 2012ರ ಇನ್ನೊಂದು ಸಮೀಕ್ಷೆ ಹೇಳಿತು. ಕಬಡ್ಡಿಯ ರೈಡರನಿಗೆ ಇವನ್ನು ಬಿಟ್ಟು ಬೇರೆ ಏನಿದೆ?

ಮಿರ್ಕಿನ್ ಕೂಡ 2014ರಲ್ಲಿ ತನ್ನ ಸೂತ್ರವನ್ನು ತಾನೇ ತಿದ್ದಿಕೊಂಡ. ಬರ್ಫವೂ ಪೂರ್ತಿ ವಿಶ್ರಾಂತಿಯೂ ಮಾಯುವುದನ್ನು ತಡ ಮಾಡಬಹುದು ಎಂದು ಬರೆದ. ಮೂವತ್ತಾರು ವರ್ಷದ ಮೇಲೆ ಹೀಗೆ ಹೇಳಲು ಧೈರ್ಯ ಬೇಕು. ನನಗೆ ನನ್ನ ತಮ್ಮನೆದುರು ಒಂದು ಮಾತು ಆಡಲು ಆಗಿರಲಿಲ್ಲ.

ಇದರ ನಡುವೆ ಮಿರಜಿನ ಒಂದು ಮಧ್ಯಾಹ್ನವನ್ನು ಹೇಳಬೇಕು. ಆಪರೇಶನ್ ಆಗಿ ಕೆಲ ವಾರ ಕಳೆದಿದ್ದವು. ಮೊಣಕಾಲು ಬಾತುಕೊಂಡೇ ಇತ್ತು, ತೊಡೆ ಮಾತ್ರ ಕೃಶವಾಗುತ್ತಿತ್ತು. ‘ತೊಡಿ ಬಿಗಿ ಮಾಡು’ ಅಂದರೆ ತಮ್ಮ ಹಲ್ಲು ಕಚ್ಚಿ, ಹಣೆಯ ನರ ಉಬ್ಬಿಸುತ್ತಿದ್ದ, ತೊಡೆ ಮಾತ್ರ ಸತ್ತ ಮೀನಿನ ಹಾಗೆ ಬಿದ್ದಿರುತ್ತಿತ್ತು. ‘ಹೇಳಿದ್ದು ಅದಕ್ಕ ಮುಟ್ಟವಲ್ತಣ್ಣಾ’ ಅನ್ನುತ್ತಿದ್ದ. ಅಂದು ಫಿಜಿಯೊಥೆರಪಿಯ ಅಕ್ಕ ಬರ್ಫದ ಚೀಲ ತಂದಳು. ನಾನು ಎದ್ದು ಅವಳ ಕೈ ತಡೆದೆ. ಯಾಕೆ ಎಂದು ಕೇಳಿದಳು. ಹೇಳಲಿಲ್ಲ. ಅವಳು ಮರಾಠಿ ಬೆರೆಸಿದ ಕನ್ನಡದಲ್ಲಿ, ‘ಥಾಂಬಾ, ನೋಡ್ರಿ’ ಅಂದು, ಬಟ್ಟೆ ಹಾಸಿ, ಚೀಲವಿಟ್ಟು, ಗಡಿಯಾರ ನೋಡುತ್ತ ಕೂತಳು. ಇಪ್ಪತ್ತು ನಿಮಿಷ. ತೆಗೆದು, ‘ಆತಾ ಕಾಲ ಸೀದಾ ಮಾಡಪಾ’ ಅಂದಳು. ತೊಡೆಯ ಒಳಮಗ್ಗುಲಿನ ಸ್ನಾಯು ಮಿಡುಕಿತು. ಮತ್ತೊಮ್ಮೆ ಮಿಡುಕಿ ಗಟ್ಟಿಯಾಯಿತು. ಹಿಮ್ಮಡಿ ಹಾಸಿಗೆಯಿಂದ ಎರಡು ಬೆರಳು ಮೇಲೆದ್ದಿತು. ತಮ್ಮ ಅತ್ತ.

ಅವಳು ವಿವರಿಸಿದ್ದು ಇಷ್ಟು: ಬಾತ ಕೀಲು ಬೆನ್ನುಹುರಿಗೆ ಸತತವಾಗಿ ಕಿರುಚುತ್ತಿರುತ್ತದೆ. ಆ ಗದ್ದಲಕ್ಕೆ ಬೆನ್ನುಹುರಿ ತೊಡೆಯ ಸ್ನಾಯುವನ್ನು ತಾನೇ ತಡೆದು ಹಿಡಿಯುತ್ತದೆ. ಎಷ್ಟು ಮನಸ್ಸು ಮಾಡಿದರೂ ಅಪ್ಪಣೆ ಕೆಳಗಿಳಿಯುವುದಿಲ್ಲ. ಚಳಿ ಕೀಲಿನ ಕಿರುಚಾಟವನ್ನು ತಗ್ಗಿಸಿದಾಗ ಆ ಹೊತ್ತಿನ ಮಟ್ಟಿಗೆ ಹಾದಿ ತೆರೆಯುತ್ತದೆ. ಅದೇ ಸಂದಿನಲ್ಲಿ ವ್ಯಾಯಾಮ ಮಾಡಿಸಿಬಿಡಬೇಕು. ಇದಕ್ಕೂ ಪ್ರಯೋಗಗಳ ಆಧಾರವಿದೆ ಎಂದು ಆಮೇಲೆ ಓದಿ ತಿಳಿದೆ. ನನ್ನ ಟಾವೆಲಿನ ಬರ್ಫ ಕಾಲನ್ನು ಕಿವುಡು ಮಾಡಿತ್ತು. ಇವಳ ಚೀಲದ ಬರ್ಫವೂ ಕಿವುಡನ್ನೇ ಮಾಡಿತು. ಆದರೆ ಇವಳು ಹಾಸಿಗೆಯ ಮೇಲೆ, ಎರಡು ಬೆರಳಿನಷ್ಟು ಎತ್ತರಕ್ಕೆ, ಕೈ ಆಸರೆ ಕೊಟ್ಟು ಮಾಡಿಸಿದಳು. ನಾನು ಹ್ಯಾಲೊಜನ್ ದೀಪದ ಕೆಳಗೆ ಏಳು ಜನರ ನಡುವೆ ಬಿಟ್ಟಿದ್ದೆ.

ಈಗ ನಾನು ಇದೇ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. 2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಯಲ್ಲಿ ಬಂದ ಮೇಲೆ ಹುಡುಗರಿಗೆ ಬರ್ಫ ಹಳತಾಗಿದೆ, ‘ಸರ್, ಸ್ಪ್ರೇ ಹೊಡೀರಿ’ ಅನ್ನುತ್ತಾರೆ. ನನ್ನ ಹತ್ತಿರ ಸ್ಪ್ರೇಯೂ ಇದೆ, ಬರ್ಫವೂ ಇದೆ. ಹಚ್ಚಿದ ಮೇಲೆ ಆ ದಿನ ಆಟ ಇಲ್ಲ. ಇದಕ್ಕಾಗಿ ಒಮ್ಮೆ ತಾಲೂಕಾ ಮಟ್ಟದ ಪಂದ್ಯ ಸೋತಿದ್ದೇವೆ. ಊರವರು ಬೈದರು, ಬೈಯಲಿ.

ತಮ್ಮ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಮತ್ತೆ ಕಬಡ್ಡಿ ಆಡಲಿಲ್ಲ. ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ, ರಾತ್ರಿ ಮಾತ್ರ ನನಗೆ ಗೊತ್ತಾಗುತ್ತದೆ. ಹರಿದ ಲಿಗಮೆಂಟ್ ಬರೀ ಹಗ್ಗವಲ್ಲ, ಅದೂ ಒಬ್ಬ ಸುದ್ದಿಗಾರ. ಹೊಸ ಹಗ್ಗ ಕಟ್ಟಿದರೂ ಹಳೆಯ ಸುದ್ದಿ ಪೂರ್ತಿ ತಿರುಗಿ ಬರುವುದು ಕಷ್ಟ. ಇಂಗ್ಲೆಂಡಿನ ಇಯಾನ್ ವಾಟರ್ಮನ್ 1971ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರ ಬಂದು ಕುತ್ತಿಗೆಯ ಕೆಳಗಿನ ಈ ಅರಿವನ್ನೆಲ್ಲ ಕಳೆದುಕೊಂಡ. ಕಣ್ಣಿನಿಂದ ಕೈಕಾಲು ನೋಡುತ್ತ ನಡೆಯುವುದನ್ನು ಮತ್ತೆ ಕಲಿತ. ದೀಪ ಆರಿದರೆ ಕುಸಿಯುತ್ತಿದ್ದ. ಅವನ ಬಗ್ಗೆ ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ತಮ್ಮನದು ಅದರ ನೂರನೆಯ ಪಾಲೂ ಅಲ್ಲ. ಆದರೆ ತ್ರೀಫೇಸ್ ಕರೆಂಟು ಬರುವ ನಡುರಾತ್ರಿ ನೀರು ಹಾಯಿಸಲು ಬದುವಿನ ಮೇಲೆ ಹೋಗುವಾಗ ಎಲ್ಲರೂ ಬ್ಯಾಟರಿ ಬೆಳಕನ್ನು ಮುಂದಿನ ದಾರಿಗೆ ಹಿಡಿಯುತ್ತಾರೆ, ಅವನು ತನ್ನ ಬಲ ಪಾದಕ್ಕೆ ಹಿಡಿಯುತ್ತಾನೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಸಂಜೆ, ಮಗಳ ಕಂಪಾಸ ಪೆಟ್ಟಿಗೆಯಿಂದ ಕೋನಮಾಪಕ ತಗೊಂಡು ನಾನೇ ಪ್ರಯೋಗಕ್ಕೆ ಕೂತೆ. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ತಮ್ಮ ನನ್ನ ಕಾಲನ್ನು ಒಂದು ಕೋನಕ್ಕೆ ಎತ್ತಿ ಇಳಿಸುವುದು, ನಾನು ಅದೇ ಕೋನಕ್ಕೆ ತರುವುದು, ಅವನು ಅಳೆಯುವುದು. ಬರ್ಫದ ಮೊದಲು ಮೂರು ಡಿಗ್ರಿ ತಪ್ಪು, ನಾಲ್ಕು, ಎರಡು. ಇಪ್ಪತ್ತು ನಿಮಿಷ ಬರ್ಫ ಇಟ್ಟ ಮೇಲೆ ಐದು, ಎರಡು, ಆರು. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವನಿಗೆ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿಬಿಟ್ಟೆ. ಉಪ್ಪು, ಟಾವೆಲು, ಅಡ್ಡಾದಿಡ್ಡಿ ಬಿದ್ದ ಪಾದ, ನಾನು ಅದನ್ನು ನೋಡಿದ್ದು.

ಅವನು ಕೋನಮಾಪಕದ ಧೂಳು ಒರೆಸುತ್ತ ಕೂತಿದ್ದ.

‘ಸೆಮಿಫೈನಲ್‌ನ್ಯಾಗ ಅವ ಮ್ಯಾಲೆ ಬಿದ್ದಾಗನ ಒಳಗ ಟಕ್ ಅಂದಿತ್ತಣ್ಣಾ. ಹರದಿದ್ರ ಅವಾಗನ ಹರದಿರಬೇಕು. ಹೇಳಿದ್ರ ನೀ ಆಡಾಕ ಬಿಡ್ತಿದ್ದಿಲ್ಲ, ಅದಕ್ಕ ಸುಮ್ನಿದ್ದೆ.’

‘ಖರೇನ?’ ಅಂದೆ.

‘ಕರೆಂಟ ಬರೂ ಹೊತ್ತಾತು’ ಅಂದು ಎದ್ದ. ಕೋನಮಾಪಕವನ್ನು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೇ ಇಟ್ಟು, ಗೂಟದ ಮೇಲಿನ ಬ್ಯಾಟರಿ ತಗೊಂಡು ಕಟ್ಟೆಯ ಮೆಟ್ಟಿಲಿಳಿದ. ಬದುವಿನುದ್ದಕ್ಕೂ ಬೆಳಕು ಅವನ ಪಾದದ ಸುತ್ತಲೇ ಹೋಗುತ್ತಿತ್ತು. ನನ್ನ ಮೊಣಕಾಲಿನ್ನೂ ಬೆಚ್ಚಗಾಗಿರಲಿಲ್ಲ, ಏಳಲಿಲ್ಲ.