ಚೀಲ ಹೊತ್ತವರ ಆಟ

ಗಾಲ್ಫಿಗೂ ನಮಗೂ ಎಲ್ಲಿಯ ನಂಟು ಅಂತ ಗೆಳೆಯರು ಕೇಳಬಹುದು. ಎಕರೆಗಟ್ಟಲೆ ಹುಲ್ಲು, ಒಂದು ಬಿಳಿ ಚೆಂಡು, ಹಿಂದೆ ಚೀಲ ಹೊರೋಕೆ ಒಬ್ಬ ಆಳು. ಹೊಟ್ಟೆ ತುಂಬಿದವರ ಆಟ, ನಿಜ. ಆದರೆ ಆ ಚೀಲ ಹೊತ್ತವರು ಯಾರು ಅಂತ ಕೇಳಿದರೆ ಸಾಕು, ಅದು ನಮ್ಮ ಮಾತೂ ಆಗುತ್ತದೆ.

ಅಮೆರಿಕದಲ್ಲಿ ಆ ಚೀಲವನ್ನು ಬಹಳ ಕಾಲ ಕರಿಯರು ಹೊತ್ತರು. ಅಲ್ಲಿನ ವೃತ್ತಿ ಗಾಲ್ಫ್ ಆಟಗಾರರ ಸಂಘ 1934ರಲ್ಲಿ ತನ್ನ ನಿಯಮಾವಳಿಯಲ್ಲೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ಬರೆದುಕೊಂಡಿತು. ಅದನ್ನು ಅಳಿಸೋಕೆ 1961 ಬರಬೇಕಾಯಿತು. ಅಗಸ್ಟಾದ ಮಾಸ್ಟರ್ಸ್ ಪಂದ್ಯದಲ್ಲಿ 1982ರವರೆಗೂ ಚೀಲ ಹೊರುವ ಕ್ಯಾಡಿಗಳು ಕ್ಲಬ್ಬಿನ ಕರಿಯರೇ. ಅಲ್ಲಿ ಮೊದಲ ಕರಿಯ ಆಟಗಾರನಾಗಿ ಲೀ ಎಲ್ಡರ್ ಕೋಲು ಹಿಡಿದದ್ದು 1975ರಲ್ಲಿ. ಹೆಗಲಿಗೆ ಮೈಲಿಗೆ ಇಲ್ಲ, ಕೈಗೆ ಮಾತ್ರ ಮೈಲಿಗೆ! ಈ ಲೆಕ್ಕವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರಲ್ಲಿ ದೊಡ್ಡೋರ ಮಕ್ಕಳು ಆಡುವಾಗ ಚೆಂಡು ಕೇರಿಗೆ ಬಂದು ಬಿದ್ದರೆ ನಾವು ಎತ್ತಿ ದೂರದಿಂದ ಎಸೀಬೇಕಿತ್ತು. ಮುಳ್ಳಿನ ಬೇಲಿಯೊಳಗೆ ನುಗ್ಗಿ ಚೆಂಡು ಹುಡುಕೋರು ನಾವು, ಬ್ಯಾಟು ಹಿಡಿಯೋರು ಅವರು. ಮುಂದೆ ಕಾಲೇಜಿಗೆ ಹೋದೆವು. ತಂಡಕ್ಕೆ ಸೇರ್ತೀವಿ ಸಾರ್ ಅಂದ್ರೆ, 'ಶೂ ಐತೇನ್ರೋ?' ಅಂತ ಕೇಳಿದರು. ಹಾಸ್ಟೆಲಿನ ಮುದ್ದೆ ಉಂಡು ಓದುತ್ತಿದ್ದ ನಮಗೆ ಶೂ ಎಲ್ಲಿಂದ ಬರಬೇಕು? ಜಾತಿಯ ಹೆಸರು ಅವರು ಎತ್ತಲಿಲ್ಲ. ಎತ್ತೋ ಅಗತ್ಯವೂ ಇರಲಿಲ್ಲ.

ಅದಕ್ಕೇ ಹೋವರ್ಡ್ ವಿಶ್ವವಿದ್ಯಾಲಯದ ಸುದ್ದಿ ನಮ್ಮನ್ನು ತಟ್ಟಿತು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1865ರಲ್ಲಿ. ಎರಡೇ ವರ್ಷಕ್ಕೆ, 1867ರಲ್ಲಿ, ವಾಷಿಂಗ್ಟನ್‌ನಲ್ಲಿ ಹುಟ್ಟಿದ ವಿದ್ಯಾಲಯ ಅದು. ಕರಿಯರ ಎಷ್ಟೋ ವಕೀಲರು, ವೈದ್ಯರು ಅಲ್ಲಿ ಕಲಿತು ಬಂದವರು. ಆದರೆ 2019ರಲ್ಲಿ ಅಲ್ಲಿ ಗಾಲ್ಫ್ ತಂಡ ಇರಲಿಲ್ಲ. ಆ ವರ್ಷ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರ್ರಿ ಅಲ್ಲಿಗೆ ಬಂದಾಗ ಒಬ್ಬ ವಿದ್ಯಾರ್ಥಿ ಅವರ ಮುಂದೆ ಈ ಮಾತೆತ್ತಿದ. ಕರ್ರಿ ಆರು ವರ್ಷ ಹಣ ಕೊಡುತ್ತೇನೆ ಅಂತ ಒಪ್ಪಿದರು. ಹುಡುಗರಿಗೊಂದು, ಹುಡುಗಿಯರಿಗೊಂದು, ಎರಡು ತಂಡಗಳು ಒಟ್ಟಿಗೇ ಎದ್ದವು.

ಹಣ ಕೊಡುವ ಮಾತನ್ನು ಸಾರಿದ್ದು ಲ್ಯಾಂಗ್‌ಸ್ಟನ್ ಮೈದಾನದಲ್ಲಿ. ಹೋವರ್ಡ್‌ನ ಕಾನೂನು ವಿಭಾಗದ ಮೊದಲ ಮುಖ್ಯಸ್ಥ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಹೆಸರಿನ ಮೈದಾನ ಅದು. ಬಿಳಿಯರ ಮೈದಾನಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1939ರಲ್ಲಿ, ಕಸ ಸುರಿಯುತ್ತಿದ್ದ ಜಾಗದಲ್ಲಿ ಅದನ್ನು ಮಾಡಿಕೊಟ್ಟರು. ಕರಿಯರಿಗೆ ಕಸದ ಜಾಗ, ನಮಗೆ ಊರಾಚೆ ತಿಪ್ಪೆ ಪಕ್ಕದ ಕೇರಿ. ಸಮುದ್ರ ದಾಟಿದರೂ ಬುದ್ಧಿ ಒಂದೇ.

ಆ ಮೈದಾನವೂ ಸುಮ್ಮನೆ ಸಿಗಲಿಲ್ಲ. 1937ರಲ್ಲಿ ಹೆಲೆನ್ ವೆಬ್ ಹ್ಯಾರಿಸ್ ಕರಿಯ ಹೆಂಗಸರನ್ನು ಸೇರಿಸಿ ವೇಕ್-ರಾಬಿನ್ ಗಾಲ್ಫ್ ಕ್ಲಬ್ ಕಟ್ಟಿದರು. ಆ ಹೆಂಗಸರು ಮಂತ್ರಿ ಹೆರಾಲ್ಡ್ ಇಕಿಸ್‌ಗೆ ಅರ್ಜಿ ಹಾಕಿದರು, ಬಿಡದೆ ಕೇಳಿದರು. ಬಣ್ಣದ ಬೇಲಿ ಒಂದು ಕಡೆ, ಗಂಡಸರ ಬೇಲಿ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೇ ತಳ್ಳಿದವರು ಅವರು. ಇವತ್ತು ಹೋವರ್ಡ್‌ನ ಹುಡುಗಿ ಕೋಲು ಬೀಸುವಾಗ ಆ ತಾಯಂದಿರ ಋಣವೂ ಅದರಲ್ಲಿದೆ.

ಇನ್ನು ನಮಗೆ ಮುಖ್ಯವಾದ ಮಾತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ ಅಮೆರಿಕದಲ್ಲಿ 1972ರಲ್ಲಿ ಕಾನೂನಾಯಿತು. ಆ ಕಾನೂನಿನ ಬಲದಿಂದಲೇ ಎಷ್ಟೋ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳು ಎದ್ದವು. ಬಣ್ಣದ ಭೇದ ಮಾಡಬಾರದು ಅಂತಲೂ 1964ರಲ್ಲೇ ಕಾನೂನಾಗಿತ್ತು. ಅದು ಬಾಗಿಲು ತೆಗೆಸಿತು. ಆದರೆ ಒಳಗೆ ಹೋದವನಿಗೆ ಕೋಲು, ಚೆಂಡು, ತರಬೇತಿ, ಪ್ರಯಾಣದ ಖರ್ಚು ಕೊಡೋರು ಯಾರು? ಹೋವರ್ಡ್‌ನಲ್ಲಿ ಒಬ್ಬ ದೊಡ್ಡ ಮನಸ್ಸಿನ ಆಟಗಾರ ಕೊಟ್ಟ. ಅವನಿಗೆ ಶರಣು. ಆದರೆ ಅವನು ಅವತ್ತು ಅಲ್ಲಿಗೆ ಬರದೇ ಹೋಗಿದ್ದರೆ?

ದಾನಕ್ಕೆ ವರ್ಷದ ಗಡುವು ಇರುತ್ತದೆ, ಹಕ್ಕಿಗೆ ಇರೋದಿಲ್ಲ. ತಂಡ ತನ್ನ ಕಾಲ ಮೇಲೆ ನಿಲ್ಲಲಿ ಅಂತ ಶಾಶ್ವತ ನಿಧಿ ಕೂಡಿಸಲು ಹೋವರ್ಡ್ ಹೊರಟಿದ್ದೂ ಇದಕ್ಕೇ ಇರಬೇಕು. ನಮ್ಮಲ್ಲೂ ಅಷ್ಟೇ. ಸ್ಕಾಲರ್‌ಶಿಪ್ಪು, ಹಾಸ್ಟೆಲು ಯಾರದೋ ಕರುಣೆ ಅಂತ ಮಾತಾಡೋರು ಇನ್ನೂ ಇದ್ದಾರೆ. ಅವು ನಮ್ಮ ಹಿರಿಯರು ಹೋರಾಡಿ ತಂದದ್ದು ಅಂತ ನಾವು ಹೇಳುತ್ತಲೇ ಇರಬೇಕು. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ಅನ್ನ, ಪುಸ್ತಕ ಸಿಕ್ಕರೆ ಮುಗೀತೆ? ನಮ್ಮ ಮಕ್ಕಳಿಗೆ ಸಂಜೆ ಹೊತ್ತು ಬೇಡವೆ, ಮೈದಾನ ಬೇಡವೆ, ನಗು ಬೇಡವೆ? ದುಡಿಯೋಕಷ್ಟೇ ಹುಟ್ಟಿದ ಮೈ ಅಂತ ನಮ್ಮನ್ನು ನೋಡಿದವರಿಗೆ, ಆಡುವ ಮೈಯೂ ಇದೇ ಅಂತ ತೋರಿಸಬೇಕು.

ಆ ವಿದ್ಯಾರ್ಥಿ ಕೈಯೊಡ್ಡಿ ಬೇಡಲಿಲ್ಲ. ನಮಗೇಕೆ ತಂಡ ಇಲ್ಲ ಅಂತ ಕೇಳಿದ, ಅಷ್ಟೆ. ನಮ್ಮ ಹುಡುಗರು, ನಮ್ಮ ಹುಡುಗಿಯರು ಅಷ್ಟು ಕೇಳಲಿ. ಶೂ ಐತೇನ್ರೋ ಅಂದವರಿಗೆ, 'ನಿಮ್ಮ ಕಾಲೇಜಿನ ಆಟದ ಫೀಜು ನಾವೂ ಕಟ್ಟೀವಿ, ಶೂ ಎಲ್ಲಿ ತೋರ್ಸಿ' ಅನ್ನಲಿ.